ಹಳೆಯ ಫ್ರಿಜ್ಜನ್ನು ಯಾರ ಕೈಗೆ ಒಪ್ಪಿಸಬೇಕು?

ಮುಂಬಯಿಯ ಉಪನಗರಗಳಲ್ಲಿ ಈಗ ಯಾವ ಗಲ್ಲಿಗೆ ಹೋದರೂ ಒಂದಲ್ಲ ಒಂದು ಸೊಸೈಟಿ ರೀಡೆವಲಪ್‌ಮೆಂಟಿಗೆಂದು ಖಾಲಿಯಾಗುತ್ತಿದೆ. ಚೆಂಬೂರು, ಮುಲುಂಡ್, ಗೋರೆಗಾಂವ್, ಬೊರಿವಲಿ, ಹೀಗೆ ನಮ್ಮ ಕನ್ನಡಿಗರು ಎರಡು ಮೂರು ತಲೆಮಾರಿನಿಂದ ಸಂಸಾರ ಹೂಡಿರುವ ಕಡೆಗಳಲ್ಲೆಲ್ಲ ಇದೇ ಮಾತು. ಬಿಲ್ಡರ್ ಹೇಳಿದ ತಾರೀಖಿಗೆ ಕೀಲಿ ಒಪ್ಪಿಸಬೇಕು. ಹೋಗಬೇಕಾದ ಬಾಡಿಗೆ ಮನೆ ಇದಕ್ಕಿಂತ ಚಿಕ್ಕದು. ಕೊನೆಯ ವಾರ ಗೇಟಿನ ಪಕ್ಕದಲ್ಲಿ ರಾಶಿ ಬೀಳತೊಡಗುತ್ತದೆ. ಬಾಗಿಲು ಜೋತುಬಿದ್ದ ಫ್ರಿಜ್ಜು, ಬೆನ್ನು ಉಬ್ಬಿದ ಹಳೆಯ ಟಿವಿ, ತುಕ್ಕು ಹಿಡಿದ ವಿಂಡೋ ಏಸಿ, ವಾಷಿಂಗ್ ಮೆಷಿನ್, ಮೂವತ್ತು ವರ್ಷ ಚಟ್ನಿ ಅರೆದ ಮಿಕ್ಸರ್. ಸಂಜೆಯೊಳಗೆ ಭಂಗಾರವಾಲಾನ, ಅಂದರೆ ಗುಜರಿಯವನ, ಕೈಗಾಡಿ ಬಂದು ತನಗೆ ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತದೆ. ಉಳಿದದ್ದು ಪಾಲಿಕೆಯ ಲಾರಿ ಬರುವವರೆಗೆ ಅಲ್ಲೇ ಬಿದ್ದಿರುತ್ತದೆ.

ಭಂಗಾರವಾಲಾ ದುಡ್ಡು ಕೊಡುವುದು ತಾಮ್ರಕ್ಕೆ, ಅಲ್ಯುಮಿನಿಯಂಗೆ, ಕಬ್ಬಿಣಕ್ಕೆ. ಫ್ರಿಜ್ಜಿನ ಕಂಪ್ರೆಸರ್ ಒಳಗಿನ ಸುತ್ತು, ಏಸಿಯ ಕಾಯಿಲ್, ಮೋಟಾರು: ಅವನ ಲೆಕ್ಕ ಅಲ್ಲಿಗೆ ಮುಗಿಯಿತು. ಅದೇ ಫ್ರಿಜ್ಜಿನಲ್ಲಿರುವ ಗ್ಯಾಸಿಗೆ, ಗೋಡೆಯೊಳಗಿನ ಫೋಮಿಗೆ, ಟಿವಿಯ ಸೀಸದ ಗಾಜಿಗೆ, ಟ್ಯೂಬ್‌ಲೈಟಿನ ಪಾದರಸಕ್ಕೆ ಯಾರೂ ಒಂದು ಪೈಸೆ ಕೊಡುವುದಿಲ್ಲ. ಬೆಲೆ ಇಲ್ಲದ್ದರಿಂದಲೇ ಅವನ್ನು ಜೋಪಾನ ಮಾಡುವವರೂ ಇಲ್ಲ. ಪೈಪು ಕತ್ತರಿಸಿದ ಕ್ಷಣಕ್ಕೆ ಗ್ಯಾಸ್ ಗಾಳಿಗೆ ಸೇರುತ್ತದೆ. ತಾಮ್ರಕ್ಕಾಗಿ ವೈರು ಸುಟ್ಟರೆ ಅದರ ಪ್ಲಾಸ್ಟಿಕ್ ಹೊದಿಕೆಯಿಂದ ಡೈಆಕ್ಸಿನ್‌ನಂಥ ವಿಷ ಹೊರಡುತ್ತದೆ. ಸಾಕಿನಾಕಾ, ಕುರ್ಲಾ, ಧಾರಾವಿಯ ಗಾಳಾಗಳಲ್ಲಿ, ಅಂದರೆ ಚಿಕ್ಕ ಚಿಕ್ಕ ವರ್ಕ್‌ಶಾಪುಗಳಲ್ಲಿ, ಭಂಗಾರ ಬಿಚ್ಚುವ ಕೆಲಸ ನಡೆಯುತ್ತದೆ. ಮಿಠಿ ನದಿ ಹರಿಯುವುದೂ ಅದೇ ದಾರಿಯಲ್ಲಿ. ಅಲ್ಲಿ ಕೈಗವಸಿಲ್ಲದೆ ಕೂತು ಬಿಚ್ಚುವ ಹುಡುಗನ ಮೈಗೆ ಮೊದಲು, ಆಮೇಲೆ ನದಿಗೆ, ಕೊನೆಗೆ ನಮ್ಮೆಲ್ಲರಿಗೆ ಅದು ಮುಟ್ಟುತ್ತದೆ.

ಭಂಗಾರವಾಲಾನನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಈ ಊರಿನ ರದ್ದಿ, ಡಬ್ಬಿ, ಕಬ್ಬಿಣ ಮತ್ತೆ ಬಳಕೆಗೆ ಬರುತ್ತಿರುವುದು ಅವನ ದುಡಿಮೆಯಿಂದ. ಯಾವುದನ್ನು ಅವನ ಕೈಗೆ ಕೊಡಬಹುದು, ಯಾವುದನ್ನು ಕೊಡಬಾರದು ಎಂಬ ವಿವೇಚನೆ ಮಾತ್ರ ಮನೆಯವರದ್ದು. ಸಾಮಾನಿನ ಒಳಗೆ ಏನಿದೆ ಎಂದು ತಿಳಿದರೆ ಆ ವಿವೇಚನೆ ಕಷ್ಟದ್ದೇನಲ್ಲ.

ಕೆಟ್ಟಿದೆಯೋ, ಬೇಜಾರಾಗಿದೆಯೋ

ಮನೆಯಿಂದ ಹೊರಹಾಕುವ ಮೊದಲು ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ತಿರುಗದ ಫ್ಯಾನಿಗೆ ಎಷ್ಟೋ ಸಲ ಹೊಸ ಕೆಪಾಸಿಟರ್ ಸಾಕು. ತಂಪಾಗದ ಫ್ರಿಜ್ಜಿನಲ್ಲಿ ಬಾಗಿಲಿನ ರಬ್ಬರ್ ಪಟ್ಟಿ ಸಡಿಲವಾಗಿರಬಹುದು. ನೀರು ಬಿಡದ ವಾಷಿಂಗ್ ಮೆಷಿನ್‌ನಲ್ಲಿ ಕೆಟ್ಟಿರುವುದು ಡ್ರೈನ್ ಪಂಪು ಮಾತ್ರ ಆಗಿರಬಹುದು. ಬಿಡಿಭಾಗಕ್ಕೆ ಲ್ಯಾಮಿಂಗ್ಟನ್ ರೋಡ್ ಇದೆ, ಪ್ರತಿ ಸ್ಟೇಷನ್ನಿನ ಹೊರಗೂ ರಿಪೇರಿಯ ಒಂದು ಅಂಗಡಿ ಇನ್ನೂ ಉಳಿದಿದೆ. ನಮ್ಮ ಅಡುಗೆಮನೆಗೆ ತಕ್ಕ ಗಟ್ಟಿ ಮೋಟಾರಿನ ಸುಮಿತ್ ಮಿಕ್ಸರ್ ಹುಟ್ಟಿದ್ದೂ ಇದೇ ಮುಂಬಯಿಯಲ್ಲಿ, 1960ರ ದಶಕದಲ್ಲಿ ಎಸ್.ಪಿ. ಮಾಥುರ್ ಎಂಬ ಎಂಜಿನಿಯರ್ ಕೈಯಲ್ಲಿ. ವಿದೇಶಿ ಮಿಕ್ಸರ್‌ಗಳು ಇಡ್ಲಿ ಹಿಟ್ಟಿಗೂ ಒಣ ಮಸಾಲೆಗೂ ತಡೆಯದೆ ಸುಟ್ಟುಹೋಗುತ್ತಿದ್ದ ಕಾಲ ಅದು. ಅಂಥ ಹಳೆಯ ಮಿಕ್ಸರ್‌ಗೆ ಕಾರ್ಬನ್ ಬ್ರಷ್, ಕಪ್ಲರ್ ಹಾಕಿಸಿದರೆ ಇನ್ನೂ ಎಷ್ಟೋ ವರ್ಷ ನಡೆಯುತ್ತದೆ. ವಾಲ್ವ್ ರೇಡಿಯೊ, ಗ್ರಾಮಫೋನಿನಂಥದ್ದು ಇದ್ದರೆ ಅದನ್ನು ಕಸವೆಂದು ನೋಡಲೇಬೇಡಿ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅದಕ್ಕೆ ಗಿರಾಕಿ ಇದ್ದಾರೆ.

ರಿಪೇರಿಯ ಮಾತು ಎಲ್ಲದಕ್ಕೂ ಸಲ್ಲದು. ಹದಿನೈದು ಇಪ್ಪತ್ತು ವರ್ಷದ ಫ್ರಿಜ್ಜು, ಏಸಿ ನಡೆಯುತ್ತಿದ್ದರೂ ಕರೆಂಟು ತಿನ್ನುತ್ತದೆ. ಹೊಸದರ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. ನಿಮ್ಮ ಹಳೆಯದರ ಲೇಬಲ್ ಉಳಿದಿದ್ದರೆ ಆ ಅಂಕಿಯನ್ನು ಹೋಲಿಸಿ. ನಕ್ಷತ್ರ ಎಣಿಸಬೇಡಿ, ಯಾಕೆಂದರೆ ಮಾನದಂಡವನ್ನು ಕಾಲಕಾಲಕ್ಕೆ ಬಿಗಿ ಮಾಡುತ್ತಾರೆ, ಅಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ.

ಇಲ್ಲೇ ಇನ್ನೊಂದು ಮಾತು. ಹಳೆಯ ಫ್ರಿಜ್ಜನ್ನೋ ಟಿವಿಯನ್ನೋ ಊರಿಗೆ ಕಳಿಸುವುದು, ಇಲ್ಲವೇ ಮನೆಗೆಲಸದವರಿಗೆ ಕೊಡುವುದು ನಮ್ಮಲ್ಲಿ ರೂಢಿ. ಕೊಡುವ ಮನಸ್ಸು ಒಳ್ಳೆಯದೇ. ಆದರೆ ಚೆನ್ನಾಗಿ ನಡೆಯುವ ಸಾಮಾನು ಕೊಡಿ. ವೈರು ಸೀಳಿದ್ದರೆ, ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ಎರಡು ದಿನಕ್ಕೊಮ್ಮೆ ಕೈಕೊಡುತ್ತಿದ್ದರೆ ಅದನ್ನು ದಾನವೆನ್ನಲಾಗದು. ಕರೆಂಟ್ ಬಿಲ್ಲನ್ನೂ ಅಪಾಯವನ್ನೂ ಬಡವರ ಮನೆಗೆ ದಾಟಿಸಿದ ಹಾಗೆ. ಉಡುಪಿಯ ಹಳ್ಳಿಯ ಮನೆಗೆ ಲಾರಿಯಲ್ಲಿ ಹೋದ ಫ್ರಿಜ್ಜು ಎರಡು ವರ್ಷದಲ್ಲಿ ಅಲ್ಲಿ ಕೆಟ್ಟರೆ, ಮುಂಬಯಿಯಲ್ಲಿರುವಷ್ಟು ಹತ್ತಿರದಲ್ಲಿ ಮರುಬಳಕೆಯ ಘಟಕ ಅಲ್ಲಿ ಸಿಗುವುದಿಲ್ಲ. ಕೊನೆಗೆ ಅದು ಹಿತ್ತಿಲಲ್ಲಿ ಮಳೆಗೆ ನೆನೆಯುತ್ತಾ ನಿಲ್ಲುತ್ತದೆ.

ಗ್ಯಾಸ್ ಇರುವ ಸಾಮಾನು

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಫ್ರಿಜ್ಜು ಮತ್ತು ಏಸಿ. ಹಿಂದೆ ಅಥವಾ ಒಳಗೆ ಅಂಟಿಸಿದ ಪಟ್ಟಿಯಲ್ಲಿ ಗ್ಯಾಸಿನ ಹೆಸರಿರುತ್ತದೆ, ಹುಡುಕಿ ಓದಿ. ಆರ್-12 ಎಂದಿದ್ದರೆ ಅದು ಓಝೋನ್ ಪದರವನ್ನು ತಿನ್ನುವ ಸಿಎಫ್‌ಸಿ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ 2010ರ ಜನವರಿ 1ರ ಹೊತ್ತಿಗೆ ಇದಕ್ಕೆ ವಿದಾಯ ಹೇಳಿತು. ಆದರೂ ತೊಂಬತ್ತರ ದಶಕದ ಫ್ರಿಜ್ಜುಗಳಲ್ಲಿ ಇನ್ನೂ ಇರಬಹುದು. ಆರ್-22 ಎಂದರೆ ಹಳೆಯ ಏಸಿಗಳ ಗ್ಯಾಸ್. ಅದನ್ನು 2030ರೊಳಗೆ ಕೈಬಿಡಬೇಕೆಂಬುದು ನಿಗದಿ. ಒಂದು ಕಿಲೋ ಆರ್-22 ಗಾಳಿಗೆ ಹೋದರೆ ಭೂಮಿಯನ್ನು ಬಿಸಿ ಮಾಡುವ ವಿಷಯದಲ್ಲಿ ಅದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದೂವರೆ ಟನ್ನಿನ ಏಸಿಯಲ್ಲಿ ಒಂದು ಕಿಲೋದ ಆಸುಪಾಸು ಗ್ಯಾಸ್ ಇರುತ್ತದೆ. ಓಝೋನಿಗೆ ತೊಂದರೆ ಮಾಡದು ಎಂದು ಫ್ರಿಜ್ಜುಗಳಿಗೆ ತಂದ ಆರ್-134ಎ ಕೂಡ ಈ ಲೆಕ್ಕದಲ್ಲಿ 1,400 ಪಟ್ಟು. ಇತ್ತೀಚಿನ ಫ್ರಿಜ್ಜುಗಳ ಆರ್-600ಎ ಹವೆಗೆ ಸೌಮ್ಯ, ಆದರೆ ಅದು ಐಸೊಬ್ಯುಟೇನ್. ಅಡುಗೆ ಗ್ಯಾಸಿನ ಹಾಗೆ ಹೊತ್ತಿಕೊಳ್ಳುತ್ತದೆ. ಅಂಥ ಫ್ರಿಜ್ಜಿನ ಪೈಪನ್ನು ಕೋಣೆಯೊಳಗೆ ಕತ್ತರಿಸುವುದು ಬೆಂಕಿಯ ಜೊತೆ ಆಟ.

ಸ್ಪ್ಲಿಟ್ ಏಸಿ ಕಳಚುವ ದಿನ ನೀವು ಹತ್ತಿರ ನಿಂತು ನೋಡಬೇಕಾದದ್ದು ಒಂದಿದೆ. ಅವಸರದ ಮೆಕ್ಯಾನಿಕ್ ನೇರವಾಗಿ ನಟ್ ಸಡಿಲಿಸುತ್ತಾನೆ, ಬುಸ್ಸೆಂದು ಅರ್ಧ ನಿಮಿಷದಲ್ಲಿ ಗ್ಯಾಸೆಲ್ಲ ಹೊರಗೆ. ಸರಿಯಾದ ಕ್ರಮಕ್ಕೆ ‘ಪಂಪ್ ಡೌನ್’ ಎನ್ನುತ್ತಾರೆ. ಏಸಿ ಓಡುತ್ತಿರುವಾಗಲೇ ಹೊರಗಿನ ಯೂನಿಟ್ಟಿನ ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗ್ಯಾಸ್ ಪೂರ್ತಿ ಹಿಂದಕ್ಕೆ ಸೆಳೆದುಕೊಂಡ ಮೇಲೆ ದಪ್ಪ ಪೈಪಿನದ್ದನ್ನೂ ಮುಚ್ಚಿ ಸ್ವಿಚ್ ಆರಿಸುತ್ತಾರೆ. ಗ್ಯಾಸೆಲ್ಲ ಹೊರಗಿನ ಯೂನಿಟ್ಟಿನಲ್ಲೇ ಭದ್ರವಾಗಿರುತ್ತದೆ. ಹತ್ತು ನಿಮಿಷದ ಕೆಲಸ, ಮುಂಬಯಿಯ ಯಾವ ಏಸಿ ಮೆಕ್ಯಾನಿಕ್‌ಗೂ ಗೊತ್ತು. ಫೋನ್ ಮಾಡುವಾಗಲೇ “ಪಂಪ್ ಡೌನ್ ಮಾಡಿಯೇ ಕಳಚಬೇಕು” ಎಂದು ಹೇಳಿಬಿಡಿ. ಕಂಪ್ರೆಸರ್ ಸತ್ತಿದ್ದರೆ ಈ ವಿಧಾನ ನಡೆಯದು. ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಮೆಷಿನ್ ಇರುವವರನ್ನೇ ಕರೆಸಬೇಕು. ನಾಲ್ಕನೇ ಮಹಡಿಯ ಕಿಟಕಿಯಾಚೆ ಹತ್ತಿ ನಿಲ್ಲುವ ಆ ಮನುಷ್ಯ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡಿದ್ದಾನೆಯೇ ಎಂಬುದನ್ನೂ ನೋಡಿ, ಇಲ್ಲದಿದ್ದರೆ ಕೆಲಸ ನಿಲ್ಲಿಸಿ. ವಿಂಡೋ ಏಸಿ ಮತ್ತು ಫ್ರಿಜ್ಜು ಸುಲಭ. ಅವುಗಳ ಗ್ಯಾಸ್ ಮುಚ್ಚಿದ ಪೈಪಿನಲ್ಲೇ ಇರುತ್ತದೆ, ಆದ್ದರಿಂದ ಪೈಪನ್ನಾಗಲಿ ಕಂಪ್ರೆಸರನ್ನಾಗಲಿ ಬಿಚ್ಚದೆ ಇಡಿಯಾಗಿ ಕೊಡಬೇಕು. ‘ಕಂಪ್ರೆಸರ್ ಮಾತ್ರ ಕೊಡಿ, ಡಬ್ಬಿ ಆಮೇಲೆ ಒಯ್ಯುತ್ತೇನೆ’ ಎನ್ನುವವರಿಗೆ ಕೊಡಲೇಬೇಡಿ.

ಗಾಜು, ಪಾದರಸ, ಬ್ಯಾಟರಿ

ಬೆನ್ನು ಉಬ್ಬಿದ ಹಳೆಯ ಟಿವಿಗಳ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಬೆರೆತಿರುತ್ತದೆ, ದೊಡ್ಡ ಟಿವಿಯಾದರೆ ಕಿಲೋ ಲೆಕ್ಕದಲ್ಲಿ. ಟ್ಯೂಬಿನ ಒಳಗೆ ನಿರ್ವಾತ. ತಾಮ್ರದ ಸುತ್ತಿಗಾಗಿ ಕುತ್ತಿಗೆ ಮುರಿದರೆ ಗಾಜು ಸಿಡಿಯಬಹುದು. ಇವತ್ತು ಈ ಟಿವಿಗಳಿಗೆ ಭಂಗಾರದಲ್ಲೂ ಬೆಲೆ ಇಲ್ಲವಾದ್ದರಿಂದ ಅವು ಹೆಚ್ಚಾಗಿ ಸೊಸೈಟಿಯ ಮೂಲೆಯಲ್ಲಿ ಉಳಿಯುತ್ತವೆ ಅಥವಾ ಕಸದ ಲಾರಿ ಹತ್ತುತ್ತವೆ. ಹಾಗೆ ಹೋದದ್ದು ಸೇರುವುದು ಕಾಂಜೂರ್‌ಮಾರ್ಗದ ಇಲ್ಲವೇ ದೇವನಾರದ ಕಸದ ಮೈದಾನಕ್ಕೆ. 1927ರಿಂದ ಊರಿನ ಕಸ ಹೊತ್ತ ದೇವನಾರದ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದದ್ದು ಚೆಂಬೂರು, ಗೋವಂಡಿಯವರಿಗೆ ನೆನಪಿದೆ. ಅಂಥ ಗುಡ್ಡಕ್ಕೆ ಸೀಸವನ್ನೂ ಬ್ಯಾಟರಿಯನ್ನೂ ಸೇರಿಸುವುದು ಬೇಡ.

ಮೊದಮೊದಲ ಚಪ್ಪಟೆ ಎಲ್‌ಸಿಡಿ ಟಿವಿಗಳೂ ನಿರಪಾಯವಲ್ಲ. ಎಲ್‌ಇಡಿ ಬರುವ ಮುನ್ನ ಅವುಗಳ ಪರದೆಯ ಹಿಂದೆ ಪಾದರಸದ ಸಣ್ಣ ದೀಪಗಳಿದ್ದವು. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುವುದು ಬಹಳ ಮಂದಿಗೆ ಗೊತ್ತು. ನೀರಿನ ಪ್ಯೂರಿಫೈಯರಿನ ಯುವಿ ದೀಪದಲ್ಲೂ ಇರುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ. ಸರ್ವಿಸ್‌ಗೆ ಬಂದವನು ಹಳೆಯ ದೀಪವನ್ನು ಒಣಕಸದ ಬುಟ್ಟಿಗೆ ಎಸೆಯದಂತೆ ನೋಡಿಕೊಳ್ಳಿ. ಹೊಸದರ ರಟ್ಟಿನ ಡಬ್ಬಿಯಲ್ಲೇ ಹಳೆಯದನ್ನು ಇಟ್ಟು ಬೇರೆಯಾಗಿ ಜೋಪಾನ ಮಾಡಿ.

ಇನ್ವರ್ಟರಿನ ಸೀಸ-ಆಮ್ಲದ ಬ್ಯಾಟರಿಗೆ ಹೊಸದು ಕೊಳ್ಳುವ ಅಂಗಡಿಯಲ್ಲೇ ಒಳ್ಳೆಯ ಬೆಲೆ ಸಿಗುತ್ತದೆ, ಬೇರೆ ಯಾರಿಗೂ ಮಾರುವ ಅಗತ್ಯವಿಲ್ಲ. ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಹುಷಾರು. ಹಳೆಯ ಫೋನು, ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರ್, ಟ್ರಿಮ್ಮರ್ ಇವುಗಳಲ್ಲಿರುವುದು ಅದೇ. ಕಸದ ಲಾರಿಯಲ್ಲಿ ಒತ್ತಡಕ್ಕೆ ಸಿಕ್ಕಿ ಜಜ್ಜಿದರೆ ಬೆಂಕಿ ಹೊತ್ತುತ್ತದೆ. ಬಿಚ್ಚಿ ತೆಗೆಯುವಂತಿದ್ದರೆ ತೆಗೆದು, ಎರಡೂ ತುದಿಗೆ ಟೇಪು ಅಂಟಿಸಿ ಇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ.

ಮೈಕ್ರೋವೇವ್ ಓವನ್ನನ್ನು ಮನೆಯಲ್ಲಿ ಬಿಚ್ಚುವ ಸಾಹಸ ಯಾರೂ ಮಾಡಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಇಸ್ತ್ರಿಪೆಟ್ಟಿಗೆ, ಫ್ಯಾನು, ಹಳೆಯ ಗೀಸರ್ ಇವೆಲ್ಲ ಬಹುಪಾಲು ಲೋಹ. ಕಾನೂನಿನ ಕಣ್ಣಿಗೆ ಇವೂ ಇ-ತ್ಯಾಜ್ಯವೇ ಆದರೂ, ಎಲ್ಲವನ್ನೂ ಒಂದೇ ಸಲ ಸರಿದಾರಿಗೆ ಕಳಿಸಲು ಆಗದವರು ಮೊದಲ ಗಮನವನ್ನು ಗ್ಯಾಸು, ಗಾಜು, ಪಾದರಸ, ಬ್ಯಾಟರಿಗೆ ಕೊಡಲಿ ಎಂಬುದು ನನ್ನ ಅಭಿಪ್ರಾಯ.

ಕೊಡುವುದು ಯಾರಿಗೆ

2022ರ ನವೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಈಗ ನೂರಕ್ಕೂ ಹೆಚ್ಚು ಬಗೆಯ ಸಾಮಾನುಗಳನ್ನು ಒಳಗೊಂಡಿವೆ. ಮೊದಲು ಬರೀ 21 ಇದ್ದವು. ಭಾರ ಬಿದ್ದಿರುವುದು ತಯಾರಕರ ಮೇಲೆ. ತಾವು ಮಾರಿದ ಮಾಲಿಗೆ ತಕ್ಕ ಪ್ರಮಾಣದಲ್ಲಿ ಹಳೆಯದನ್ನು ನೋಂದಾಯಿತ ಘಟಕಗಳಲ್ಲಿ ಮರುಬಳಕೆ ಮಾಡಿಸಿ ಅದರ ಪ್ರಮಾಣಪತ್ರವನ್ನು ಕಂಪನಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ತೋರಿಸಬೇಕು. 2025-26ಕ್ಕೆ ಗುರಿ ಶೇ. 70. ಈ ಪ್ರಮಾಣಪತ್ರಕ್ಕೆ ದುಡ್ಡಿದೆ, ಹಾಗಾಗಿ ನಿಮ್ಮ ಸತ್ತ ಫ್ರಿಜ್ಜು ನೋಂದಾಯಿತ ಘಟಕದವರಿಗೆ ಬೇಕಾದ ಮಾಲು. ಅವರು ಒಯ್ಯಲು ಬರುವಾಗ ನೀವೇ ಹಣ ತೆರಬೇಕೆಂದೇನಿಲ್ಲ. ದೊಡ್ಡ ಸಾಮಾನಿಗೆ ಎಷ್ಟೋ ಸಲ ಅವರೇ ಸ್ವಲ್ಪ ಕೊಡುತ್ತಾರೆ. ಭಂಗಾರದವನ ದರಕ್ಕಿಂತ ಕಡಿಮೆ ಇರಬಹುದು. ಆ ವ್ಯತ್ಯಾಸವನ್ನು ಸಹಿಸಿಕೊಳ್ಳಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಯಾರು ನೋಂದಾಯಿತರು ಎಂದು ತಿಳಿಯಲು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿ ನೋಡಿ. ಅದರ ಮುಖ್ಯ ಕಚೇರಿ ಸಾಯನ್‌ನಲ್ಲೇ ಇದೆ, ಪಟ್ಟಿ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅಂಧೇರಿಯಲ್ಲಿ ಕಚೇರಿ, ವಸಾಯಿಯಲ್ಲಿ ಘಟಕ ಇರುವ ಇಕೋ ರೀಸೈಕ್ಲಿಂಗ್, ಅಂದರೆ ಇಕೋರೆಕೊ, ಈ ಕ್ಷೇತ್ರದಲ್ಲಿ ಮುಂಬಯಿಯ ಹಳೆಯ ಹೆಸರುಗಳಲ್ಲೊಂದು. ಕಸ ಆಯುವ ಹೆಣ್ಣುಮಕ್ಕಳ ನಡುವೆ ದಶಕಗಳಿಂದ ಕೆಲಸ ಮಾಡುತ್ತಿರುವ, 1975ರಲ್ಲಿ ಶುರುವಾದ ಸ್ತ್ರೀ ಮುಕ್ತಿ ಸಂಘಟನಾ ಒಣಕಸದ ಜೊತೆ ಇ-ತ್ಯಾಜ್ಯದ ಸಂಗ್ರಹಕ್ಕೂ ಕೈಹಾಕಿದೆ. ಅಂಥವರಿಗೆ ಕೊಟ್ಟರೆ ಸಾಮಾನೂ ಸರಿದಾರಿ ಹಿಡಿಯುತ್ತದೆ, ಆ ಹೆಣ್ಣುಮಕ್ಕಳಿಗೆ ಗೌರವದ ದುಡಿಮೆಯೂ ಸಿಗುತ್ತದೆ. ಫ್ರಿಜ್ಜು, ಟಿವಿ, ವಾಷಿಂಗ್ ಮೆಷಿನ್ ಮಾಡುವ ದೊಡ್ಡ ಕಂಪನಿಗಳ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ‘ಇ-ವೇಸ್ಟ್ ಪಿಕಪ್’ ಎಂದು ಕೇಳಿದರೂ ದಾರಿ ತೋರಿಸುತ್ತಾರೆ. ಪಾಲಿಕೆಯ 1916 ನಂಬರಿಗೆ ಅಥವಾ ನಿಮ್ಮ ವಾರ್ಡ್ ಆಫೀಸಿನ ಘನತ್ಯಾಜ್ಯ ವಿಭಾಗಕ್ಕೆ ಕೇಳಿದರೆ ನಿಮ್ಮ ಪ್ರದೇಶದಲ್ಲಿ ಈಗ ಯಾವ ವ್ಯವಸ್ಥೆ ಇದೆ ಎಂದು ಹೇಳುತ್ತಾರೆ.

ಎಕ್ಸ್‌ಚೇಂಜ್ ಆಫರ್ ಸುಲಭದ ದಾರಿ, ದೀಪಾವಳಿಗೆ ಎಲ್ಲ ದೊಡ್ಡ ಅಂಗಡಿಗಳಲ್ಲೂ ಇರುತ್ತದೆ. ಹೊಸದು ತಂದ ಟೆಂಪೊದಲ್ಲೇ ಹಳೆಯದು ಹೋಗುವುದರಿಂದ ಹಮಾಲರ ಖರ್ಚೂ ಉಳಿಯುತ್ತದೆ. ಆದರೆ ಎಕ್ಸ್‌ಚೇಂಜಿಗೆ ಹೋದದ್ದೆಲ್ಲ ಮರುಬಳಕೆಗೆ ಹೋಗುತ್ತದೆಂದು ಭಾವಿಸಬಾರದು. ಬಹಳಷ್ಟು ಸೆಕೆಂಡ್‌ಹ್ಯಾಂಡ್ ವ್ಯಾಪಾರಿಗೆ ಸೇರುತ್ತದೆ. ನಡೆಯುವ ಸಾಮಾನಾದರೆ ಅದೇ ಸರಿ, ಇನ್ನೊಂದು ಮನೆಗೆ ಉಪಯೋಗವಾಗುತ್ತದೆ. ಪೂರ್ತಿ ಸತ್ತದ್ದಾದರೆ ಅಂಗಡಿಯವರನ್ನು ನೇರವಾಗಿ ಕೇಳಿ: ಇದು ಯಾವ ಘಟಕಕ್ಕೆ ಹೋಗುತ್ತದೆ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಿರುತ್ತದೆ. ಸ್ಮಾರ್ಟ್ ಟಿವಿ ಕೊಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ, ಇಲ್ಲದಿದ್ದರೆ ನಿಮ್ಮ ಖಾತೆಗಳೆಲ್ಲ ಅದರ ಜೊತೆ ಹೋಗುತ್ತವೆ.

ಒಬ್ಬರಿಂದ ಆಗದ್ದು ಸೊಸೈಟಿಯಿಂದ ಆಗುತ್ತದೆ

ಒಂದು ಟ್ರಿಮ್ಮರ್, ನಾಲ್ಕು ಚಾರ್ಜರಿಗಾಗಿ ಯಾರೂ ವಸಾಯಿಯಿಂದ ಮಾಟುಂಗಕ್ಕೆ ಗಾಡಿ ಕಳಿಸುವುದಿಲ್ಲ. ಅರವತ್ತು ಮನೆಗಳ ಸೊಸೈಟಿ ಒಂದು ದಿನ ಗೊತ್ತುಮಾಡಿ, ಲೆಟರ್‌ಹೆಡ್‌ನಲ್ಲಿ ಬರೆದು ಕರೆದರೆ ಸಂತೋಷದಿಂದ ಬರುತ್ತಾರೆ. ಮ್ಯಾನೇಜಿಂಗ್ ಕಮಿಟಿಯ ಸಭೆಯಲ್ಲಿ ಸೆಕ್ರೆಟರಿಯವರ ಮುಂದೆ ಈ ವಿಷಯ ಇಡಿ. ಎರಡು ವಾರ ಮುಂಚೆ ನೋಟಿಸ್ ಹಚ್ಚಿ, ಮರಾಠಿ, ಹಿಂದಿಯಲ್ಲಿ ಕೆಲಸದವರಿಗೂ ವಾಚ್‌ಮ್ಯಾನ್‌ಗೂ ತಿಳಿಯುವಂತೆ. ಸಂಗ್ರಹಕ್ಕೆ ನೆರಳಿರುವ, ಮಳೆ ಬೀಳದ ಜಾಗ ಬೇಕು. ಜೂನಿಗೆ ಮುಂಚೆ ಮುಗಿಸುವುದು ವಾಸಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲೀನಾ, ಕುರ್ಲಾದ ನೆಲಮಹಡಿಯ ಮನೆಗಳಲ್ಲಿ ಫ್ರಿಜ್ಜು, ಟಿವಿಗಳೆಲ್ಲ ಮುಳುಗಿದವು. ನೀರು ನುಗ್ಗಿದ ಸಾಮಾನನ್ನು ಒಣಗಿದಂತೆ ಕಂಡರೂ ಪರೀಕ್ಷಿಸದೆ ಸ್ವಿಚ್ ಹಾಕಬಾರದೆಂಬುದು ನೆಲಮಹಡಿಯವರಿಗೆ ಪ್ರತಿ ಮಳೆಗಾಲವೂ ಸಲ್ಲುವ ಮಾತು.

ನಮ್ಮ ಕನ್ನಡ ಸಂಘಟನೆಗಳೂ ಇದರಲ್ಲಿ ಕೈಜೋಡಿಸಬಹುದು. ಮಾಟುಂಗದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಕುರ್ಲಾದ ಬಂಟರ ಸಂಘದವರೆಗೆ ಮುಂಬಯಿಯಲ್ಲಿ ಸಭಾಂಗಣವೂ ಸದಸ್ಯಬಲವೂ ಇರುವ ಸಂಸ್ಥೆಗಳಿಗೆ ಬರವಿಲ್ಲ. ರಕ್ತದಾನದ ಶಿಬಿರ ನಡೆಸುವಷ್ಟೇ ಸಲೀಸಾಗಿ ಇ-ತ್ಯಾಜ್ಯದ ಒಂದು ಭಾನುವಾರ ನಡೆಸಬಹುದು. ಹೋಟೆಲ್ ನಡೆಸುವ ನಮ್ಮವರ ಗೋಡೌನುಗಳಲ್ಲಿ ಕೆಟ್ಟ ಡೀಪ್ ಫ್ರೀಜರ್, ಬಾಟಲ್ ಕೂಲರ್, ಸುಟ್ಟ ಗ್ರೈಂಡರ್ ಮೋಟಾರು ಎಷ್ಟಿವೆ ಎಂಬುದು ಅವರಿಗೇ ಗೊತ್ತು. ಅವನ್ನೆಲ್ಲ ಸೇರಿಸಿದರೆ ಒಂದು ಟೆಂಪೊ ಅಲ್ಲೇ ತುಂಬುತ್ತದೆ.

ಗಾಡಿ ಬಂದ ದಿನ ಕಂಪನಿಯ ಹೆಸರನ್ನು ಮಂಡಳಿಯ ಪಟ್ಟಿಯ ಜೊತೆ ತಾಳೆ ನೋಡಿ. ತೂಕ, ಸಾಮಾನಿನ ವಿವರ, ತಾರೀಖು ಬರೆದ ರಶೀದಿ ಪಡೆಯಿರಿ. ಸೊಸೈಟಿಯಾದರೆ ಮರುಬಳಕೆಯ ಪ್ರಮಾಣಪತ್ರವನ್ನೂ ಕೇಳಿ ಫೈಲಿನಲ್ಲಿಡಿ. ಹೆಸರು ಪಟ್ಟಿಯಲ್ಲಿಲ್ಲದಿದ್ದರೆ, ರಶೀದಿ ಕೊಡಲು ಹಿಂಜರಿದರೆ, ಗೇಟಿನಲ್ಲೇ ಬಿಚ್ಚಲು ಶುರುಮಾಡಿದರೆ ವಾಪಸು ಕಳಿಸಿ.

ಗಾಡಿ ಬರುವವರೆಗೆ ಸಾಮಾನನ್ನು ಮೆಟ್ಟಿಲಿನ ಮೇಲಾಗಲಿ ಪ್ಯಾಸೇಜಿನಲ್ಲಾಗಲಿ ಇಡಬೇಡಿ. ಬೆಂಕಿ ಅನಾಹುತವಾದಾಗ ಜನ ಇಳಿದು ಓಡಬೇಕಾದ ದಾರಿ ಅದೊಂದೇ. ಫ್ರಿಜ್ಜನ್ನು ಖಾಲಿ ಮಾಡಿ, ಹಿಂದಿನ ದಿನವೇ ಸ್ವಿಚ್ ಆರಿಸಿ ಐಸು ಕರಗಲು ಬಿಟ್ಟು ಒರೆಸಿ, ನಿಲ್ಲಿಸಿಯೇ ಸಾಗಿಸಿ. ಕೆಳಗಿಳಿಸಿದ ಫ್ರಿಜ್ಜು ಒಂದು ರಾತ್ರಿ ಕಾಂಪೌಂಡಿನಲ್ಲಿ ಇರಬೇಕಾಗಿ ಬಂದರೂ ಅದರ ಬಾಗಿಲನ್ನು ಕಳಚಿಡಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಖಾಲಿ ಫ್ರಿಜ್ಜಿನೊಳಗೆ ಅವಿತು ಉಸಿರುಗಟ್ಟಿ ಸತ್ತ ಪ್ರಕರಣಗಳು ಎಷ್ಟಾಗಿದ್ದವೆಂದರೆ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಅಮೆರಿಕ 1956ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಇಂದಿನ ಆಯಸ್ಕಾಂತದ ಪಟ್ಟಿಯ ಬಾಗಿಲನ್ನು ತಳ್ಳಿದರೆ ತೆರೆಯುತ್ತದೆ ನಿಜ. ಆದರೆ ಮೂರು ವರ್ಷದ ಮಗುವಿನ ಬಲವನ್ನು ಅದಕ್ಕೆ ನಂಬಿ ಬಿಡುವಂತಿಲ್ಲ, ಹಳೆಯ ಚಿಲಕದ ಫ್ರಿಜ್ಜಾದರೆ ಮಾತೇ ಇಲ್ಲ. ಮೇಲಿನ ಕೀಲಿನ ಸ್ಕ್ರೂಗಳನ್ನು ಬಿಚ್ಚಿದರೆ ಬಾಗಿಲು ಎತ್ತಿದಾಗ ಕೈಗೆ ಬರುತ್ತದೆ. ಅದನ್ನು ಫ್ರಿಜ್ಜಿಗೇ ಹಗ್ಗದಿಂದ ಬಿಗಿದು, ತೆರೆದ ಮುಖವನ್ನು ಗೋಡೆಗೆ ತಿರುಗಿಸಿಡಿ. ವಾಚ್‌ಮ್ಯಾನ್‌ಗೂ ಒಂದು ಮಾತು ಹೇಳಿ.